ನೀರು ಕೆಳಗಿನಿಂದ ಬರ್ತಾ ಉಂಟು

ಆಟಿ ತಿಂಗಳ ಒಂದು ಭಾನುವಾರ ನಾನೂ ನನ್ನ ಹೆಂಡತಿಯೂ ಅವಳ ತವರಿಗೆ ಪತ್ರೊಡೆ ತಿನ್ನಲು ಹೊರಟಿದ್ದೆವು. ಮಳೆ ಹೇಗೆ ಸುರಿಯುತ್ತಿತ್ತೆಂದರೆ, ವೈಪರ್ ನೀರು ಒರೆಸುತ್ತಿರಲಿಲ್ಲ, ‘ನನ್ನಿಂದ ಆಗುವುದಿಲ್ಲ’ ಎಂದು ತಲೆಯಾಡಿಸುತ್ತಿತ್ತು. ರಸ್ತೆಯ ಒಂದು ತಗ್ಗಿನಲ್ಲಿ ಮೊಣಕಾಲಿಗಿಂತ ತುಸು ಕಡಿಮೆ ನೀರು. ನಾನು ಫಸ್ಟ್ ಗೇರಿಗೆ ಹಾಕಿ, ಮಲ್ಪೆಯ ತಾಂಡೇಲನ ಗತ್ತಿನಲ್ಲಿ ಕಾರನ್ನು ಇಳಿಸಿದೆ. ಅರ್ಧ ದಾರಿಯಲ್ಲಿ ಹೆಂಡತಿ ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

“ಗಾಜು ಸರಿ ಏರಿಸು ಮಾರಾಯ್ತಿ,” ಎಂದೆ.

“ಗಾಜು ಏರಿಸಿಯೇ ಉಂಟು. ನೀರು ಮೇಲಿಂದ ಬರ್ತಾ ಇಲ್ಲ, ಕೆಳಗಿನಿಂದ ಬರ್ತಾ ಉಂಟು.”

ಬಗ್ಗಿ ನೋಡಿದೆ. ಅವಳ ಒಂದು ಚಪ್ಪಲಿ ಪಾತಿದೋಣಿಯ ಹಾಗೆ ತೇಲುತ್ತಿತ್ತು. ಇನ್ನೊಂದು ಇರಲೇ ಇಲ್ಲ. ತಗ್ಗು ದಾಟಿದ ಮೇಲೆ, ಬಂದ ನೀರು ಬಂದ ದಾರಿಯಲ್ಲೇ ಇಳಿದುಹೋಯಿತು. ರಬ್ಬರ್ ಮ್ಯಾಟ್ ಎತ್ತಿದರೆ ಕಾಲಡಿಯಲ್ಲಿ ಹಲಸಿನ ಹಪ್ಪಳದಷ್ಟು ಅಗಲದ ತೂತು. ಅದರೊಳಗಿಂದ ಟಾರು ರಸ್ತೆ, ಒಂದು ಚಾಕಲೇಟಿನ ಕಾಗದದ ಸಮೇತ, ಸ್ಪಷ್ಟವಾಗಿ ಕಾಣುತ್ತಿತ್ತು.

ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ ಮಗಳನ್ನು ನೋಡಿ ಅತ್ತೆ ಏನೂ ಕೇಳಲಿಲ್ಲ. ಆ ದಿನ ಪತ್ರೊಡೆಗಿಂತ ಅವರು ಕೇಳದೆ ಉಳಿದದ್ದೇ ನನ್ನ ಗಂಟಲು ಹೆಚ್ಚು ತುರಿಸಿತು.

ಕಾರು ನನ್ನ ಅಪ್ಪನದು. 1988ರ ಪ್ರೀಮಿಯರ್ ಪದ್ಮಿನಿ, ಕೆನೆಹಾಲಿನ ಬಣ್ಣ, 1089 ಸಿ.ಸಿ. ಇಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. ಇಟಲಿಯ ಫಿಯೆಟ್ 1100ರ ಅಚ್ಚಿನಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಪಡೆದ ಗಾಡಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಅಂದರೆ ಒಂದು ಕಾಲಕ್ಕೆ ಇದೇ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತೆಂದು ಓದಿದ ದಿನ ನಾನು ಅಂಗಳಕ್ಕೆ ಹೋಗಿ, ನಮ್ಮ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಭಾವುಕನಾಗಿ ನಿಂತಿದ್ದೆ. ಬಾನೆಟ್ಟು ತುಸು ಒಳಕ್ಕೆ ಹೋಯಿತು. ಅದು ಒಂದು ಸೂಚನೆ ಎಂದು ಆಗಲೇ ತಿಳಿಯಬೇಕಿತ್ತು.

ಅಪ್ಪ ಇದ್ದಾಗ ಮೇ ತಿಂಗಳ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು, ಕಾರಿನ ಅಡಿಗೆ ಹಳೆ ಇಂಜಿನ್ ಆಯಿಲ್ ಹೊಡೆಸುತ್ತಿದ್ದರು. ಆಮೇಲೆ ಹದಿನೈದು ದಿನ ಅಂಗಳದಲ್ಲೆಲ್ಲ ಕಪ್ಪು ಹನಿ, ಅಮ್ಮನ ಗೊಣಗಾಟ. ಯಜಮಾನಿಕೆ ನನ್ನ ಕೈಗೆ ಬಂದ ವರ್ಷವೇ ‘ಇದೆಲ್ಲ ಗಲೀಜು, ಬಾವಿಯ ನೀರಿಗೆ ಸೇರುತ್ತದೆ’ ಎಂದು ನಿಲ್ಲಿಸಿಬಿಟ್ಟೆ. ಬಾವಿಯ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ. ಆದರೆ ಎಣ್ಣೆಯ ಬದಲಿಗೆ ಏನು ಹಚ್ಚಬೇಕು ಎಂದು ಯೋಚಿಸಲಿಲ್ಲ. ಅದರ ಬದಲು ಕಾರನ್ನು ಪ್ರೀತಿಸತೊಡಗಿದೆ.

ಪ್ರೀತಿ ಎಂದರೆ ಹೀಗೆ. ಕಡಲಿನಿಂದ ಎರಡು ಫರ್ಲಾಂಗು ದೂರದ, ಬೇಸಿಗೆಯಲ್ಲಿ ಚಾ ಮಾಡಿದರೆ ಸಾರಿನ ರುಚಿ ಬರುವ ನಮ್ಮ ಬಾವಿಯ ನೀರಿನಲ್ಲಿ ಅದಕ್ಕೆ ದಿನಾ ಸ್ನಾನ. ಕಾಪುವಿನಲ್ಲಿ ದೀಪಸ್ತಂಭ ಹಿನ್ನೆಲೆಗೆ ಬರುವಂತೆ ಫೋಟೋ ತೆಗೆಯಲೆಂದು ಅಲೆ ತಾಗುವಷ್ಟು ಹತ್ತಿರ ಮರಳಿನಲ್ಲಿ ಓಡಿಸಿದ್ದು ಮೂರು ಸಲ. ನೆಲಕ್ಕೆ ದಪ್ಪ ಕಾರ್ಪೆಟ್ಟು, ಅದರ ಮೇಲೆ ರಬ್ಬರ್ ಮ್ಯಾಟು. ಕೆಳಗೆ ಸೇರಿದ ನೀರು ಏಪ್ರಿಲ್‌ವರೆಗೂ ಆರಬಾರದು ಎಂಬಂತೆ. ಇವೆಲ್ಲಕ್ಕೂ ಕಿರೀಟ ಇಟ್ಟ ಹಾಗೆ ಇನ್ನೊಂದು ಕೆಲಸ. ಬಾಗಿಲಿನ ಅಡಿಯಲ್ಲೂ ರನ್ನಿಂಗ್ ಬೋರ್ಡಿನ ಅಡಿಯಲ್ಲೂ ಸಾಲಾಗಿ ಕಡಲೆಬೀಜದಷ್ಟು ದೊಡ್ಡ ತೂತುಗಳಿದ್ದವು. ಒಂದು ದಿನ ಅದರೊಳಗಿಂದ ಇರುವೆ ಬಂತು. ಕಂಪೆನಿಯವರು ಮುಚ್ಚಲು ಮರೆತ ತೂತುಗಳು ಅಂದುಕೊಂಡು, ಎಂ-ಸೀಲ್ ಉಂಡೆ ಮಾಡಿ, ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಒಟ್ಟು 14. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗುವುದು ಆ ತೂತುಗಳಿಂದಲೇ ಎಂದು ಗೊತ್ತಾಗುವಾಗ ಹನ್ನೊಂದು ಮಳೆಗಾಲ ಕಳೆದಿತ್ತು. ಉಡುಪಿ ಸುತ್ತಮುತ್ತ ವರ್ಷಕ್ಕೆ ಬೀಳುವುದು ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು. ನನ್ನ ಕಾರಿನ ಬಾಗಿಲುಗಳು ಅಷ್ಟೂ ವರ್ಷ ಕಿಂಡಿ ಅಣೆಕಟ್ಟಿನ ಕೆಲಸ ಮಾಡಿದ್ದವು.

ಪತ್ರೊಡೆಯ ಮರುದಿನ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಹಳೆ ಕಾರು ಇಟ್ಟುಕೊಂಡವರಿಗೆ ನನ್ನ ಒಂದೇ ಸಲಹೆ: ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ಹೋಗಬೇಡಿ. ಹೋದರೂ ಚುಚ್ಚಬೇಡಿ. ಹೊರಗಿನಿಂದ ನೋಡಿದರೆ ರನ್ನಿಂಗ್ ಬೋರ್ಡಿನಲ್ಲಿ ಬಣ್ಣ ಎರಡು ಕಡೆ ಗುಳ್ಳೆ ಎದ್ದಿತ್ತು, ಅಷ್ಟೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಳಗಿನಿಂದ ಬಣ್ಣವನ್ನು ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿಸುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದು ಎಲೆ ತೆಗೆದಾಗಿರುತ್ತದೆ. ನಾನು ಮೆಲ್ಲ ಒತ್ತಿದೆ. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಹೋಯಿತು. ಮೂರನೆಯ ಕಡೆ ಏನೋ ಮೆತ್ತಗೆ ತಾಗಿತು. ಎಳೆದರೆ ಬಂದದ್ದು ಕಬ್ಬಿಣವಲ್ಲ, ಪೇಪರು.

ಯಾರೋ ಹಿಂದೊಮ್ಮೆ ತೂತಿಗೆ ಪೇಪರ್ ತುರುಕಿ, ಮೇಲಿಂದ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು. ‘ಎಂಥ ಮೋಸಗಾರರಪ್ಪ!’ ಎಂದು ಹೆಂಡತಿಯನ್ನೂ ಅಮ್ಮನನ್ನೂ ಕರೆದು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಆ ಮುದ್ದೆಯನ್ನು ಬಿಡಿಸಿದರು. ಅದರಲ್ಲಿ ಅರ್ಧ ತುಂಬಿಸಿದ ಪದಬಂಧ ಇತ್ತು. ‘ಳ’ ಅಕ್ಷರಕ್ಕೆ ಬಾಲ ಎಳೆಯುವ ನನ್ನ ಕಾಲೇಜು ದಿನಗಳ ಚಟ ಎದ್ದು ಕಾಣುತ್ತಿತ್ತು.

“ಆಗ ನೀನೇ ಅಲ್ವನಾ, ಅಪ್ಪನಿಗೆ ಗೊತ್ತಾಗ್ಬಾರ್ದು ಅಂತ ಮನೆಯಲ್ಲೇ ರಿಪೇರಿ ಮಾಡಿದ್ದು?” ಎಂದರು ಅಮ್ಮ. ಪದಬಂಧದ ಉತ್ತರವೂ ತಪ್ಪಾಗಿದೆ ಎಂದು ಹೆಂಡತಿ ಸೇರಿಸಿದಳು.

ಟಿಂಕರಿಂಗ್ ಮೇಸ್ತ್ರಿ ಬಂದರು. ನಲವತ್ತು ವರ್ಷ ಸುತ್ತಿಗೆ ಹಿಡಿದ ಕೈ, ಬಾಯಲ್ಲಿ ಎಲೆಅಡಿಕೆ. ಕಾರಿನ ಸುತ್ತ ಬೆರಳ ಗೆಣ್ಣಿನಿಂದ ಬಡಿಯುತ್ತಾ, ಹಲಸಿನ ಹಣ್ಣು ನೋಡುವವರ ಹಾಗೆ ಕಿವಿಗೊಟ್ಟು ಒಂದು ಪ್ರದಕ್ಷಿಣೆ ಬಂದರು.

“ಫ್ಲೋರ್ ಎರಡೂ ಬದಿ ಹೋಗಿದೆ. ರನ್ನಿಂಗ್ ಬೋರ್ಡ್ ಎರಡೂ ಇಲ್ಲ. ಡಿಕ್ಕಿಯ ಅಡಿ ಇಲ್ಲ. ಮಡ್‌ಗಾರ್ಡ್ ಕೆಳಗಿನ ತುಂಡು ಬದಲಾಯಿಸ್ಬೇಕು.”

“ಹಾಗಾದ್ರೆ ಗಟ್ಟಿ ಉಳಿದದ್ದು ಎಂತ ಮೇಸ್ತ್ರಿ?”

“ನಂಬರ್ ಪ್ಲೇಟ್ ಗಟ್ಟಿ ಉಂಟು. ಅದು ಅಲ್ಯೂಮಿನಿಯಂ ಅಲ್ವಾ.”

70 ಸಾವಿರ ಅಂದರು. ಅಪ್ಪ ಇಡೀ ಕಾರಿಗೆ ಕೊಟ್ಟದ್ದೇ ಅದರ ಆಸುಪಾಸು ಎಂದು ನಾನು ವಾದಿಸಿದೆ. “ಆಗ ಇಡೀ ಕಾರಿತ್ತು,” ಎಂದು ಮೇಸ್ತ್ರಿ ಹೊರಟುಹೋದರು.

ಆ ರಾತ್ರಿ ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ಯಾರೋ ಒಬ್ಬ ತನ್ನ ಶೆಡ್ಡಿನಲ್ಲಿ ಕೂತು ಹನ್ನೆರಡು ನಿಮಿಷದಲ್ಲಿ ರನ್ನಿಂಗ್ ಬೋರ್ಡ್ ವೆಲ್ಡ್ ಮಾಡಿ, ಚಾ ಕುಡಿದು, ಟಾಟಾ ಮಾಡಿದ. ಮೂರು ದಿನದಲ್ಲಿ ನಮ್ಮ ಮನೆಗೆ ಟಿಫಿನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ವೆಲ್ಡಿಂಗ್ ಮೆಷಿನ್ ಬಂತು.

ಇನ್ನು ಶೀಟು. ಹಾರ್ಡ್‌ವೇರ್ ಅಂಗಡಿಯವರು “ಎಷ್ಟು ಗೇಜ್?” ಎಂದು ಕೇಳಿದರು. ಇಂಥ ಪ್ರಶ್ನೆ ಬಂದಾಗ ಗೊತ್ತಿಲ್ಲ ಎನ್ನುವುದು ನಮ್ಮ ಮನೆತನದಲ್ಲೇ ಇಲ್ಲ. ಕಾರಿನ ಮೈಗೆ 20 ಗೇಜ್ ಸಾಕು ಎಂದು ಎಲ್ಲೋ ಕೇಳಿದ್ದೆ. ಇನ್ನೂ ಗಟ್ಟಿ ಇರಲಿ ಎಂದು, “24 ಕೊಡಿ,” ಎಂದೆ. ಗೇಜ್ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ ಎಂಬುದು ಜಗತ್ತಿನ ದೊಡ್ಡ ಕುಹಕಗಳಲ್ಲಿ ಒಂದು. 20 ಗೇಜ್ ಅಂದರೆ ಹೆಚ್ಚುಕಡಿಮೆ 0.9 ಮಿಲಿಮೀಟರ್, 24 ಅಂದರೆ 0.6. “ತುಕ್ಕು ಹಿಡಿಯದ್ದು ಬೇಕು,” ಎಂದೂ ಸೇರಿಸಿದೆ. ಅವರು ಜಿ.ಐ. ಶೀಟು ಕೊಟ್ಟರು, ಸತುವಿನ ಲೇಪ ಇರುವುದು. ನಾನು ಕೇಳಿದ್ದನ್ನೇ ಕೊಟ್ಟರು, ಅವರ ತಪ್ಪೇನೂ ಇಲ್ಲ.

ಮೊದಲ ಕಡ್ಡಿ ತಾಗಿಸಿದ ಕೂಡಲೇ ಮಹಾ ಬೆಳಕು. ಕಣ್ಣು ಬಿಟ್ಟು ನೋಡಿದರೆ ತೂತು ಮುಚ್ಚಲು ಇಟ್ಟ ಶೀಟಿನಲ್ಲೇ ತೂತು. ಆ ತೂತು ಮುಚ್ಚಲು ಹೋದೆ, ಅದು ಎರಡಾಯಿತು. ಎರಡನ್ನು ಸೇರಿಸಲು ಹೋದೆ, ಸೇರಿದವು, ಒಂದು ದೊಡ್ಡ ತೂತಾಗಿ. ಆರ್ಕ್ ವೆಲ್ಡಿಂಗಿನ ಕಡ್ಡಿ ಗೇಟು, ಕಿಟಕಿಯ ಸರಳು ಮಾಡುವುದಕ್ಕೆ ಇರುವುದು. ಈ ತಗಡಿಗೆ ಅದು ದೀಪಾವಳಿಯ ಸುರ್‌ಸುರ್‌ಬತ್ತಿಯನ್ನು ರೇಷ್ಮೆ ಸೀರೆಗೆ ಹಿಡಿದ ಹಾಗೆ. ಸಂಜೆಯ ಹೊತ್ತಿಗೆ ಹಲಸಿನ ಹಪ್ಪಳದಷ್ಟಿದ್ದ ತೂತು ಹಪ್ಪಳ ಒಣಗಿಸುವ ಚಾಪೆಯಷ್ಟಾಗಿತ್ತು.

ಇಷ್ಟರ ಮಧ್ಯೆ ಜಿ.ಐ. ಶೀಟಿನಿಂದ ಬೆಳ್ಳಗಿನ ಹೊಗೆ ಧಾರಾಳ ಬರುತ್ತಿತ್ತು. ಮುಂಡಾಸಿನ ತುದಿಯಿಂದ ಅದನ್ನು ಬೀಸಿಕೊಂಡು, ನಿಜ ಹೇಳಬೇಕೆಂದರೆ ಕುಶಲಕರ್ಮಿಯ ಗರ್ವದಿಂದಲೇ, ಉಸಿರಾಡಿದೆ. ಉಕ್ಕು ಕರಗಲು 1,500 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಸತುವೋ 907 ಡಿಗ್ರಿಗೆಲ್ಲ ಕುದಿದು ಆವಿಯಾಗುತ್ತದೆ. ಅಂದರೆ ನಾನು ದಿನವಿಡೀ ವೆಲ್ಡಿಂಗ್ ಮಾಡಿರಲಿಲ್ಲ, ತುಕ್ಕು ತಡೆಯಲೆಂದು ದುಡ್ಡು ಕೊಟ್ಟು ತಂದ ಸತುವನ್ನು ಕುದಿಸಿ ಕುಡಿದಿದ್ದೆ.

ರಾತ್ರಿ ಎಂಟಕ್ಕೆ ಚಳಿ ಶುರು. ಎರಡು ಕಂಬಳಿ ಹೊದೆಸಿದರೂ ಮಂಚ ಅಲುಗುವಷ್ಟು ನಡುಕ. ಬಾಯಿಯಲ್ಲಿ ತಾಮ್ರದ ಚೊಂಬು ನೆಕ್ಕಿದ ರುಚಿ. ನಮ್ಮ ಕರಾವಳಿಯಲ್ಲಿ ಚಳಿಜ್ವರ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಮಲೇರಿಯಾ. ರಕ್ತ ಪರೀಕ್ಷೆ ಆಯಿತು, ಮಲೇರಿಯಾ ಇಲ್ಲ. ಮರುದಿನ ಸಂಜೆಗೆ ಜ್ವರವೂ ಇಲ್ಲ. ಸುದ್ದಿ ಕೇಳಿ ಬಂದ ಮೇಸ್ತ್ರಿ ಅಂಗಳದಲ್ಲಿದ್ದ ಶೀಟನ್ನು ಉಗುರಿನಿಂದ ಕೆರೆದು ನೋಡಿ, “ಜಿ.ಐ. ಹೊಗೆ ಕುಡಿದಿದ್ದೀರಿ. ಹೊಸ ಹುಡುಗರಿಗೆ ಒಂದ್ಸಲ ಬರ್ತದೆ,” ಎಂದರು. 53ನೆಯ ವಯಸ್ಸಿನಲ್ಲಿ ಹುಡುಗ ಅನ್ನಿಸಿಕೊಂಡದ್ದು ಆ ಪ್ರಕರಣದ ಒಂದೇ ಲಾಭ. ಮೇಸ್ತ್ರಿ ಇನ್ನೇನೋ ಹೇಳಲು ನಿಂತಿದ್ದರು. ಅವರು ಹೇಳಲಿ ಎಂದು ನಾನು ಕೇಳಲಿಲ್ಲ, ನಾನು ಕೇಳಲಿ ಎಂದು ಅವರು ಹೇಳಲಿಲ್ಲ.

ಕಣ್ಣಿನ ಕತೆ ಬೇಡ. ಒಂದು ಸಂಜೆ ವೆಲ್ಡಿಂಗ್ ಗ್ಲಾಸ್ ಸಿಗದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡೆ ಎಂದಷ್ಟೇ ಹೇಳುತ್ತೇನೆ. ನಡುರಾತ್ರಿ ಎರಡೂ ಕಣ್ಣಿಗೆ ಮಲ್ಪೆ ಬೀಚು ಬಂದು ಕೂತಿತು.

ಮುಂದಿನ ಭಾನುವಾರ ಭಾವ ಬಂದ. ಹೆಂಡತಿಯ ತಮ್ಮ, 88 ಕೆ.ಜಿ., ಬ್ಯಾಂಕಿನ ಕೆಲಸ, ಯಾರಿಗೂ ಇಲ್ಲ ಅನ್ನುವವನಲ್ಲ. ನಾನು ಬಲಬದಿಯ ರನ್ನಿಂಗ್ ಬೋರ್ಡನ್ನು ಗ್ರೈಂಡರ್ ಹಿಡಿದು ಮುಂದಿನಿಂದ ಹಿಂದಿನವರೆಗೆ ಪೂರ್ತಿ ಕತ್ತರಿಸಿ ತೆಗೆದಿದ್ದೆ. ಕೊಳೆತದ್ದು ಇದ್ದರೆಷ್ಟು, ಹೋದರೆಷ್ಟು? “ಭಾವ, ಒಳಗೆ ಕೂತು ಹೊಸ ಶೀಟನ್ನು ಕಾಲಿನಿಂದ ಗಟ್ಟಿ ಒತ್ತಿ ಹಿಡಿ,” ಎಂದೆ. ಅವನು ಕೂತ, ಬಾಗಿಲು ಹಾಕಿಕೊಂಡ. ಕಾರಿನ ಹೊಟ್ಟೆಯೊಳಗಿಂದ ಹಳೆ ಉಯ್ಯಾಲೆ ಜಗ್ಗಿದಂಥ ಒಂದು ಸದ್ದು ಬಂತು.

ಜೀಪಿಗೆ ಅಡಿಯಲ್ಲಿ ಚಾಸಿಸ್ ಇರುತ್ತದೆ, ಮೈ ಅದರ ಮೇಲೆ ಕೂತಿರುತ್ತದೆ. ಪದ್ಮಿನಿಗೆ ಹಾಗಿಲ್ಲ. ಅದರ ಮೈಯೇ ಅದರ ಬೆನ್ನೆಲುಬು. ನಡುವೆ ಭಾರ ಹೊರುವುದೇ ಆ ರನ್ನಿಂಗ್ ಬೋರ್ಡು. ನಾನು ತೆಗೆದದ್ದು ಮನೆಯ ಹೊಸ್ತಿಲನ್ನಲ್ಲ, ತೊಲೆಯನ್ನು. ಭಾವನ ತೂಕಕ್ಕೆ ಕಾರು ನಡುವಿನಲ್ಲಿ ಒಂದು ಬೆರಳಿನಷ್ಟು ಜಗ್ಗಿತು, ಬಾಗಿಲಿನ ಚೌಕಟ್ಟು ಮೇಲಿನಿಂದ ಕಚ್ಚಿಕೊಂಡಿತು.

“ಭಾವ, ಬಾಗಿಲು ತೆರೀತಾ ಇಲ್ಲ.”

“ಹಿಂದಿನದು ನೋಡು.”

“ಅದೂ ಇಲ್ಲ. ಆ ಬದಿಯಿಂದ ಇಳೀಲಾ?”

ಆ ಬದಿಯನ್ನು ನಾನು ಗೋಡೆಗೆ ತಾಗಿಸಿ ನಿಲ್ಲಿಸಿದ್ದೆ. ಮಳೆ ಎರಚಲು ತಾಗದಿರಲಿ ಎಂದು.

“ಕಿಟಕಿಯಿಂದ ಬಾ,” ಎಂದೆ. ಭಾವ ತಲೆ ಹಾಕಿದ, ಹೆಗಲು ಹಾಕಿದ, ಹೊಟ್ಟೆಯ ಹತ್ತಿರ ನಿಂತ. ನಾನು ಎರಡೂ ಕೈ ಹಿಡಿದು ಎಳೆಯುತ್ತಿರುವಾಗ ಅವನು ಮೂಗು ಅರಳಿಸಿ ಕೇಳಿದ, “ಎಂತದೋ ಸುಟ್ಟ ವಾಸನೆ ಬರ್ತಾ ಉಂಟಲ್ಲ?” ಬೆಳಿಗ್ಗೆ ನಾನು ಹಚ್ಚಿದ ವೆಲ್ಡಿಂಗಿನ ಒಂದು ಕಿಡಿ ಹಿಂದಿನ ಸೀಟಿನ ನಾರಿನೊಳಗೆ ಹೋಗಿ ಕೂತು, ಇಷ್ಟು ಹೊತ್ತೂ ಧ್ಯಾನ ಮಾಡುತ್ತಿತ್ತು. ಈಗ ಹೊಗೆಯಾಗಿ ಎದ್ದಿತು. ನಾನು “ನೀರು! ನೀರು!” ಎಂದು ಕೂಗಿದೆ. ಅಡುಗೆಮನೆಯ ಹಿಂದಿನಿಂದ ಅಮ್ಮ ಕೈಗೆ ಸಿಕ್ಕಿದ ಬಕೆಟ್ ಹಿಡಿದು ಬಂದು, 78 ವರ್ಷದವರು ಎಂದು ನಂಬಲಾಗದ ಗುರಿಯಲ್ಲಿ ಕಿಟಕಿಗೆ ಎರಚಿದರು. ಅದು ದನಕ್ಕಿಟ್ಟ ಅಕ್ಕಚ್ಚು. ನಿನ್ನೆಯ ಗಂಜಿ, ಬಾಳೆಹಣ್ಣಿನ ಸಿಪ್ಪೆ, ಹಿಂಡಿ, ಉಪ್ಪು. ಬೆಂಕಿ ಆರಿತು. ಆದರೆ ಬೆಂಕಿಗೆ ಸಿಕ್ಕಿದ್ದು ಕಾಲುಭಾಗ, ಉಳಿದದ್ದೆಲ್ಲ ಭಾವನಿಗೆ. ಜಾರಲು ಸುಲಭವಾಯಿತು, ಅವನು ಹೊರಗೆ ಬಂದ.

ಅವನು ಸ್ನಾನಕ್ಕೆ ಹೋದ ಮೇಲೆ ಹೆಂಡತಿ ನನ್ನ ಫೋನ್ ಕೇಳಿ ತೆಗೆದುಕೊಂಡು ಮೇಸ್ತ್ರಿಗೆ ತಾನೇ ಫೋನ್ ಮಾಡಿದಳು. ದರ ಈಗ 85 ಸಾವಿರ. ಹೆಚ್ಚಿನ 15 ಸಾವಿರ ‘ನೀವು ಮಾಡಿದ್ದನ್ನು ಬಿಚ್ಚಲು’.

ಮೇಸ್ತ್ರಿ ಟೆಂಪೋದಲ್ಲಿ ಸಿಒಟು ಮೆಷಿನ್, ಸಿಲಿಂಡರ್ ಇಳಿಸಿದರು. ಮೊದಲು ಮಾಡಿದ್ದು ಚಾ ಕುಡಿದದ್ದು. ಆಮೇಲೆ ಬ್ಯಾಟರಿಯ ವಯರು ಬಿಚ್ಚಿ ದೂರ ಇಟ್ಟರು, ಸೀಟು, ಕಾರ್ಪೆಟ್ಟು ಎಲ್ಲ ಹೊರಗೆ ಹಾಕಿಸಿದರು, ಪೆಟ್ರೋಲ್ ಟ್ಯಾಂಕ್ ಇಳಿಸಿದರು. ‘ಇದು ಇಲ್ಲಿ ಇರುವಾಗಲೇ ವೆಲ್ಡ್ ಮಾಡಿದ್ರಾ?’ ಎಂದು ಟ್ಯಾಂಕನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ನಾನು ಅವರಿಗೆ ಇನ್ನೊಂದು ಚಾ ತರಲು ಒಳಗೆ ಹೋದೆ. ಜಾಕಿ ಕೊಟ್ಟು ಎತ್ತಿ, ಬಾಗಿಲಿನ ಸಂದಿ ಮೇಲೂ ಕೆಳಗೂ ಒಂದೇ ಸಮ ಆಗುವವರೆಗೆ ಕೂದಲೆಳೆಯಷ್ಟು ಏರಿಸಿ, ಇಳಿಸಿ, ಚೌಕಟ್ಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪ್ ಅಂಟಿಸಿದರು. ಕತ್ತರಿಸಲು ಶುರು ಮಾಡಿದ್ದು ಆಮೇಲೆಯೇ. ತುಕ್ಕು ಕಂಡಲ್ಲಿಗೆ ನಿಲ್ಲಿಸಲಿಲ್ಲ, ಬಿಳಿ ಹೊಳೆಯುವ ಕಬ್ಬಿಣ ಸಿಗುವವರೆಗೆ ಹೋದರು. ನನ್ನ ಪ್ಯಾಚುಗಳನ್ನೆಲ್ಲ ಒಂದು ಗೋಣಿಗೆ ತುಂಬಿಸಿ ಎತ್ತಿ ನೋಡಿ, “ಗುಜರಿಗೆ ಕೊಟ್ರೆ ಚಾದ ಖರ್ಚು ಬರ್ತದೆ,” ಎಂದರು.

ಅವರು ವೆಲ್ಡ್ ಮಾಡುವುದನ್ನು ನಾನು ಈ ಸಲ ಸರಿಯಾದ ಗ್ಲಾಸ್ ಹಿಡಿದು ನೋಡಿದೆ. 20 ಗೇಜಿನ ಶೀಟನ್ನು ಮಡಚಿ, ಅಂಚಿನಲ್ಲಿ ಗೇಣಿಗೆ ನಾಲ್ಕರಂತೆ ತೂತು ಕೊರೆದು, ಹಳೆಯದರ ಮೇಲೆ ಕೂರಿಸಿ, ಆ ತೂತುಗಳೊಳಗೆ ಒಂದೊಂದೇ ಚುಕ್ಕಿ ತುಂಬುವುದು. ‘ಟಿಸ್’ ಎಂದು ಒಂದು ಚುಕ್ಕಿ ಈ ತುದಿಗೆ. ಎದ್ದು ಹೋಗಿ ಒಂದು ಆ ತುದಿಗೆ. ಮತ್ತೆ ನಡುವಿಗೆ. ಪ್ರತಿ ಸಲ ಮುಂಗೈಯ ಹಿಂಬದಿಯನ್ನು, ಮಗುವಿನ ಹಣೆಗೆ ಇಡುವ ಹಾಗೆ, ಶೀಟಿನ ಹತ್ತಿರ ಹಿಡಿದು ಬಿಸಿ ನೋಡುತ್ತಿದ್ದರು. ಆರುವವರೆಗೆ ಮುಂದಿನ ಚುಕ್ಕಿ ಇಲ್ಲ.

“ಒಂದೇ ಗೆರೆ ಎಳೆದ್ರೆ ಬೇಗ ಆಗ್ತದಲ್ಲ ಮೇಸ್ತ್ರಿ?”

“ಆಗ್ತದೆ. ಬಿಸಿಗೆ ಶೀಟು ಸುಕ್ಕುಗಟ್ಟಿ ಹಪ್ಪಳ ಆಗ್ತದೆ. ನಿಮ್ದು ಆಗಿತ್ತಲ್ಲ.”

ಸಂಜೆ ಬರಿ ಕಬ್ಬಿಣವನ್ನು ಹಾಗೇ ಬಿಟ್ಟುಹೋಗುವುದು ಅವರಿಗೆ ಆಗದ ಮಾತು. “ಇಲ್ಲಿಯ ಗಾಳಿಗೆ ಬೆಳಿಗ್ಗೆ ನೋಡುವಾಗ ಕೆಂಪು,” ಎಂದು ಅದೇ ದಿನ ಪ್ರೈಮರ್ ಹೊಡೆದರು. ನನ್ನ ಹತ್ತಿರ ರೆಡ್ ಆಕ್ಸೈಡಿನ ಒಂದು ಡಬ್ಬಿ ಇತ್ತು. ಅದರ ಮೇಲಿನ ಹೆಸರನ್ನು ಅಂದೇ ಮೊದಲು ಯೋಚಿಸಿ ಓದಿದೆ. ಆ ಕೆಂಪು ಕಬ್ಬಿಣದ ಆಕ್ಸೈಡು. ಕಬ್ಬಿಣ, ನೀರು, ಗಾಳಿ ಸೇರಿ ಆಗುವ ತುಕ್ಕೂ ಅದೇ ಮನೆತನದ್ದು. ಸತ್ತ ಕಬ್ಬಿಣವನ್ನು ಅರೆದು ಬದುಕಿದ ಕಬ್ಬಿಣಕ್ಕೆ ಬಳಿಯುವುದು! ಸುತ್ತ ನೋಡಿದೆ. ನಮ್ಮ ಜಗಲಿಯ ಕೆಂಪು ನೆಲ, ಅದೇ ಆಕ್ಸೈಡು. ಅಂಗಳದ ಗೋಡೆಯ ಮುರಕಲ್ಲಿನ ಕೆಂಪು, ಅದೂ ಕಬ್ಬಿಣದ ಆಕ್ಸೈಡೇ. ಲಕ್ಷಾಂತರ ವರ್ಷಗಳ ಮಳೆ ನೆಲವನ್ನೇ ಹೀಗೆ ಮಾಡಿಟ್ಟ ಊರಿನಲ್ಲಿ, ತುಕ್ಕಿನ ಗೋಡೆಗೆ ಒರಗಿ, ತುಕ್ಕಿನ ನೆಲದ ಮೇಲೆ ಕೂತು, ಕಾರಿಗೆ ತುಕ್ಕು ಬಂತಲ್ಲ ಎಂದು ನಾನು ಅತ್ತದ್ದು.

ಈ ತತ್ವವನ್ನು ಅಮ್ಮನಿಗೆ ವಿವರಿಸಿದೆ. ಅವರು ಒಳಗಿನಿಂದ ದೋಸೆ ಕಾವಲಿ ತಂದು ತೋರಿಸಿದರು. “ಇದು ನನ್ನ ಮದುವೆಯಲ್ಲಿ ಬಂದದ್ದು. ಕಬ್ಬಿಣವೇ. ತುಕ್ಕು ಎಲ್ಲುಂಟು ತೋರ್ಸು. ತೊಳೀಬೇಕು, ಒಣಗಿಸ್ಬೇಕು, ಎಣ್ಣೆ ಒರೆಸಿ ಇಡ್ಬೇಕು. ಅಪ್ಪ ಅಷ್ಟೇ ಮಾಡ್ತಿದ್ದದ್ದು.” ಮೇಸ್ತ್ರಿ ಕಾವಲಿಯನ್ನು ಗೆಣ್ಣಿನಿಂದ ಬಡಿದು ಕಿವಿಗೊಟ್ಟು, ಗೌರವದಿಂದ ಹಿಂದಿರುಗಿಸಿದರು.

ಕಡೆಯ ದಿನ ಅವರು ಜೋಡಣೆಯ ಸಂದಿಗಳಿಗೆಲ್ಲ ಸೀಲರ್ ಎಳೆದು, ರನ್ನಿಂಗ್ ಬೋರ್ಡಿನ ಒಳಗಿನ ಟೊಳ್ಳಿಗೆ ಉದ್ದ ಪೈಪಿನಿಂದ ಮೇಣ ಸಿಂಪಡಿಸಿದರು. ಅಪ್ಪನ ಎಣ್ಣೆಯದೇ ಕೆಲಸ, ಅಂಗಳಕ್ಕೆ ಹನಿಯುವುದಿಲ್ಲ ಅಷ್ಟೇ. ಆಮೇಲೆ ಬಾಗಿಲಿನ ಅಡಿಗೆ ಮಲಗಿ, ನನ್ನ 14 ಎಂ-ಸೀಲ್ ಉಂಡೆಗಳಲ್ಲಿ ಉಳಿದವನ್ನು ಕೊರೆದು ತೆಗೆದರು. ಒಂದೊಂದು ತೂತಿನಿಂದಲೂ ಕೆಂಪು ನೀರು ಇಳಿಯಿತು. ನಮ್ಮ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಒಳಗೆ ಹಾಕಿ ತಿರುಗಿಸಿ ತೋರಿಸಿ, ನನ್ನ ಕೈಗೆ ಕೊಟ್ಟರು. “ತಿಂಗಳಿಗೊಮ್ಮೆ ಇದನ್ನು ಹಾಕಿ ನೋಡಿ. ಬೇರೆ ಎಂತದೂ ಮಾಡ್ಬೇಡಿ.” ‘ಬೇರೆ ಎಂತದೂ’ ಎನ್ನುವಾಗ ಅವರು ನೋಡಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು.

ಈ ವರ್ಷ ಆಟಿಯಲ್ಲಿ ಮತ್ತೆ ಪತ್ರೊಡೆಗೆ ಹೊರಟೆವು. ಅದೇ ರಸ್ತೆ, ಅದೇ ತಗ್ಗು, ಅಷ್ಟೇ ನೀರು. ಹೆಂಡತಿ ಅಭ್ಯಾಸಬಲದಿಂದ ಕಾಲೆತ್ತಿ ಕೂತಳು. ದಾಟಿದ ಮೇಲೆ ಮ್ಯಾಟ್ ಎತ್ತಿ ಕೈಯಾಡಿಸಿದೆ, ಒಂದು ಹನಿ ಇಲ್ಲ. ಅವಳ ಎರಡೂ ಚಪ್ಪಲಿ ಇದ್ದವು. ನಾನು ಗೆದ್ದವನಂತೆ ಅವಳ ಮುಖ ನೋಡಿದೆ. ಅವಳ ಮೂಗಿನ ತುದಿಯಿಂದ ಒಂದು ಹನಿ ಜಾರಿತು. ಇನ್ನೊಂದು ಹನಿ ಮುಂದಿನ ಗಾಜಿನ ರಬ್ಬರಿನ ಮೂಲೆಯಲ್ಲಿ ತುಂಬುತ್ತಿತ್ತು. ಅಲ್ಲೇ ಪಕ್ಕದಲ್ಲಿ ಬಣ್ಣ ತುಸು ಉಬ್ಬಿದ ಹಾಗಿತ್ತು, ತೊಗರಿಬೇಳೆಯಷ್ಟು.

ನನ್ನ ಕೈ ತಾನಾಗಿಯೇ ಡ್ಯಾಶ್‌ಬೋರ್ಡಿನ ಗೂಡಿಗೆ ಹೋಯಿತು. ಅಲ್ಲಿ ಹಿಡಿಸೂಡಿ ಕಡ್ಡಿ ಮಾತ್ರ ಇತ್ತು.

“ಹುಡುಕ್ಬೇಡಿ,” ಎಂದಳು ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, “ಸ್ಕ್ರೂಡ್ರೈವರನ್ನು ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ.”